ಓದುಗರ ಪ್ರಶ್ನೆ – ನಮ್ಮ ಉತ್ತರ: ಕ್ಲಿನಿಕ್ಕಿಗೆ ಎಂಥ ಆಟೋಕ್ಲೇವ್ ಬೇಕು?

ಪ್ರಶ್ನೆ: ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಗಾಯಕ್ಕೆ ಹೊಲಿಗೆ ಹಾಕುವುದು, ಕುರು ಕೊಯ್ಯುವುದು, ಡ್ರೆಸ್ಸಿಂಗ್, ಇಷ್ಟೇ ಕೆಲಸ. ದಂತವೈದ್ಯೆಯಾದ ನನ್ನ ಸೊಸೆ ಮುಂದಿನ ವರ್ಷ ಇಲ್ಲಿಯೇ ಚಿಕಿತ್ಸೆ ಆರಂಭಿಸಲಿದ್ದಾಳೆ. ಈಗಿರುವ ಕುಕ್ಕರ್ ಮಾದರಿಯ ಆಟೋಕ್ಲೇವ್ (ಹಬೆಯಿಂದ ಉಪಕರಣಗಳನ್ನು ರೋಗಾಣುಮುಕ್ತಗೊಳಿಸುವ ಯಂತ್ರ) ಹಳೆಯದಾಗಿದೆ. ಮಾರಾಟಗಾರರು ‘ಬಿ ಕ್ಲಾಸ್’ ಯಂತ್ರವನ್ನೇ ಕೊಳ್ಳಿ ಎನ್ನುತ್ತಾರೆ, ಆದರೆ ಅದರ ಬೆಲೆ ಹಲವು ಪಟ್ಟು ಹೆಚ್ಚು. ಅದು ನಿಜಕ್ಕೂ ಅಗತ್ಯವೇ?
– ಒಬ್ಬ ವೈದ್ಯರು, ಗಂಗಾವತಿ

ಉತ್ತರ: ಬೆಲೆಪಟ್ಟಿಯನ್ನು ಬದಿಗಿಟ್ಟು, ಯಂತ್ರದೊಳಗೆ ಯಾವ ಯಾವ ವಸ್ತುಗಳನ್ನು ಇಡಲಿದ್ದೀರಿ ಎಂಬುದನ್ನು ಮೊದಲು ಬರೆದುಕೊಳ್ಳಿ. ಕತ್ತರಿ, ಚಿಮಟ, ಸೂಜಿ ಹಿಡಿಯುವ ಉಪಕರಣಗಳಂಥ ಗಟ್ಟಿ ಲೋಹದ ವಸ್ತುಗಳನ್ನು ಬಟ್ಟೆ ಸುತ್ತದೆ ಇಟ್ಟು, ತೆಗೆದ ಕೂಡಲೇ ಬಳಸುವುದಾದರೆ, ಪಂಪಿಲ್ಲದೆ ಗಾಳಿ ತಾನಾಗಿ ಹೊರಹೋಗುವ ‘ಎನ್ ಕ್ಲಾಸ್’ ಯಂತ್ರ ಸಾಕು. ಗಾಜ್ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಮತ್ತು ಹತ್ತಿ ತುಂಬಿದ ಡ್ರಮ್, ಬಟ್ಟೆಯ ಗಂಟು, ಪೌಚಿನಲ್ಲಿ ಮುಚ್ಚಿಟ್ಟ ಉಪಕರಣಗಳು, ಎಲ್ಲಕ್ಕಿಂತ ಮುಖ್ಯವಾಗಿ ಹಲ್ಲು ಕೊರೆಯುವ ಹ್ಯಾಂಡ್‌ಪೀಸಿನಂಥ ಟೊಳ್ಳು ಉಪಕರಣಗಳು ಇದ್ದರೆ, ಹಬೆ ಬಿಡುವ ಮೊದಲು ಪಂಪಿನಿಂದ ಗಾಳಿಯನ್ನು ಹೀರಿ ತೆಗೆಯುವ ಬಿ ಕ್ಲಾಸ್ ಬೇಕಾಗುತ್ತದೆ.

ಇದಕ್ಕೆ ಕಾರಣ ಗಾಳಿ. ಹಬೆಯು ಲೋಹದ ಮೈಗೆ ತಗುಲಿ ನೀರಾಗುವಾಗ ಪ್ರತಿ ಗ್ರಾಂಗೆ 500ಕ್ಕೂ ಹೆಚ್ಚು ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ, ಮತ್ತು ಆ ತೇವದ ಶಾಖವೇ ರೋಗಾಣುಗಳನ್ನೂ ಅವುಗಳ ಬೀಜಕಗಳನ್ನೂ ಕೊಲ್ಲುತ್ತದೆ. ನಡುವೆ ಗಾಳಿ ಉಳಿದರೆ ಹಬೆ ಆ ಜಾಗವನ್ನು ಮುಟ್ಟುವುದಿಲ್ಲ. ಪ್ರೆಶರ್ ಗೇಜ್ ಮಾತ್ರ ಇದನ್ನು ಹೇಳುವುದಿಲ್ಲ: ಒತ್ತಡ 15 ಪೌಂಡ್ ಎಂದು ತೋರಿಸುತ್ತಿರುವಾಗ ಗಾಳಿಯೆಲ್ಲ ಹೊರಹೋಗಿದ್ದರೆ ಒಳಗಿನ ಶಾಖ 121 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಅರ್ಧದಷ್ಟೇ ಹೋಗಿದ್ದರೆ ಸುಮಾರು 112 ಡಿಗ್ರಿ, ಏನೂ ಹೋಗದಿದ್ದರೆ ಸುಮಾರು 100 ಡಿಗ್ರಿ ಮಾತ್ರ. ಮನೆಯ ಕುಕ್ಕರಿಗೆ ಹಬೆ ಜೋರಾಗಿ ಬಂದ ಮೇಲೆಯೇ ವೇಟ್ ಇಡುವಂತೆ, ನಿಮ್ಮ ಹಳೆಯ ಯಂತ್ರದಲ್ಲಿಯೂ ಹಬೆ ಸತತವಾಗಿ ಹೊಮ್ಮುವವರೆಗೆ ವಾಲ್ವ್ ತೆರೆದಿಟ್ಟು ಆಮೇಲೆ ಮುಚ್ಚಬೇಕು. ಗಡಿಬಿಡಿಯ ದಿನಗಳಲ್ಲಿ ತಪ್ಪಿಹೋಗುವ ಹೆಜ್ಜೆ ಇದೇ. ನಮ್ಮ ಭಾಗದ ಊರುಗಳು ಸಮುದ್ರಮಟ್ಟದಿಂದ ಕೆಲವು ನೂರು ಮೀಟರ್ ಎತ್ತರದಲ್ಲಿರುವುದರಿಂದ 15 ಪೌಂಡಿಗೆ 121ರ ಬದಲು 120 ಡಿಗ್ರಿಯಷ್ಟೇ ಬರುತ್ತದೆ. ಒತ್ತಡದ ಮುಳ್ಳಿನ ಜೊತೆಗೆ ಉಷ್ಣಮಾಪಕವೂ ಇರುವ ಯಂತ್ರವನ್ನು ಆರಿಸಿದರೆ ಈ ಲೆಕ್ಕದ ಚಿಂತೆ ಇರುವುದಿಲ್ಲ.

ನಿಮ್ಮ ಸೊಸೆಯ ಕೆಲಸ ಮುಂದಿನ ವರ್ಷವೇ ಆರಂಭವಾಗುವುದಾದರೆ, ಈಗೊಂದು ಎನ್ ಕ್ಲಾಸ್ ಕೊಂಡು ಆಮೇಲೆ ಮತ್ತೊಂದನ್ನು ಕೊಳ್ಳುವುದಕ್ಕಿಂತ ಈಗಲೇ 20 ಲೀಟರಿನ ಆಸುಪಾಸಿನ ಬಿ ಕ್ಲಾಸ್ ಯಂತ್ರವನ್ನು ತೆಗೆದುಕೊಳ್ಳುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಆಕೆ ಬರುವುದು ಅನಿಶ್ಚಿತವಾಗಿದ್ದರೆ ಅಷ್ಟು ಹಣ ಹಾಕಬೇಕಾಗಿಲ್ಲ. ಕೊಳ್ಳುವ ಮೊದಲು ಮಾರಾಟಗಾರರ ಹೊಗಳಿಕೆಗಿಂತ ಹೆಚ್ಚಾಗಿ, ರಿಪೇರಿಯ ಇಂಜಿನಿಯರ್ ಹುಬ್ಬಳ್ಳಿಯಿಂದ ಬರಬೇಕೋ ಹೈದರಾಬಾದಿನಿಂದ ಬರಬೇಕೋ, ಬಾಗಿಲಿನ ಗ್ಯಾಸ್ಕೆಟ್ ಎಷ್ಟು ದಿನದಲ್ಲಿ ಸಿಗುತ್ತದೆ, ವ್ಯಾಕ್ಯೂಮ್ ಪಂಪ್ ಕೆಟ್ಟರೆ ಖರ್ಚೆಷ್ಟು ಎಂಬುದನ್ನು ಬರಹದಲ್ಲಿ ಪಡೆಯಿರಿ. ಇಂಥ ಯಂತ್ರಗಳು ಸಾಮಾನ್ಯವಾಗಿ 2 ಕಿಲೋವಾಟ್ ಅಥವಾ ಅದಕ್ಕೂ ಹೆಚ್ಚು ವಿದ್ಯುತ್ತನ್ನು ಎಳೆಯುವುದರಿಂದ ಅರ್ಥಿಂಗ್ ಸರಿಯಾಗಿರುವ, 16 ಆಂಪಿಯರಿನ ಪ್ರತ್ಯೇಕ ಲೈನ್ ಬೇಕು; ಕ್ಲಿನಿಕ್ಕಿನ ಸಾಮಾನ್ಯ ಇನ್ವರ್ಟರ್ ಈ ಭಾರವನ್ನು ತಾಳುವುದಿಲ್ಲ. ನಡುವೆ ಕರೆಂಟ್ ಹೋದರೆ, ನಿಂತಲ್ಲಿಂದ ಮುಂದುವರಿಸದೆ ಇಡೀ ಸೈಕಲ್ಲನ್ನು ಮೊದಲಿನಿಂದ ನಡೆಸಬೇಕು.

ಪ್ರಶ್ನೆ: ನಾನು ನರ್ಸಿಂಗ್ ಹೋಮ್ ಒಂದರಲ್ಲಿ ಸ್ಟಾಫ್ ನರ್ಸ್. ಡ್ರಮ್ಮಿಗೆ ಅಂಟಿಸಿದ, ಹಬೆಯ ಶಾಖಕ್ಕೆ ಬಣ್ಣ ಬದಲಿಸುವ ಟೇಪಿನ ಗೆರೆಗಳು ಪ್ರತಿಸಲವೂ ಕಪ್ಪಾಗುತ್ತವೆ, ಆದರೆ ಒಳಗಿನ ಗಾಜ್ ಕೆಲವೊಮ್ಮೆ ಒದ್ದೆಯಾಗಿರುತ್ತದೆ. ಟೇಪ್ ಕಪ್ಪಾಗಿದೆಯಲ್ಲ, ಬಳಸಬಹುದು ಎಂದು ಹಿರಿಯರು ಹೇಳುತ್ತಾರೆ. ಸರಿಯೇ?
– ಓದುಗರು, ಸಿಂಧನೂರು

ಉತ್ತರ: ಸರಿಯಲ್ಲ. ಆ ಡ್ರಮ್ ಹಬೆಯ ಯಂತ್ರದೊಳಗೆ ಹೋಗಿ ಬಂದಿದೆ ಎಂಬುದನ್ನಷ್ಟೇ ಹೊರಗಿನ ಟೇಪ್ ಹೇಳುತ್ತದೆ. ಗಾಜ್ ಬಟ್ಟೆಯ ನಡುಭಾಗಕ್ಕೆ ಸಾಕಷ್ಟು ಹಬೆ ಸಾಕಷ್ಟು ಹೊತ್ತು ತಲುಪಿತೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕಾಗಿ ಡ್ರಮ್ಮಿನ ನಟ್ಟನಡುವೆ ಇಂಟಿಗ್ರೇಟರ್ ಎಂಬ ರಾಸಾಯನಿಕ ಸೂಚಕದ ಪಟ್ಟಿಯನ್ನು ಇಡಬೇಕು. ವಾರಕ್ಕೊಮ್ಮೆಯಾದರೂ ಜಿಯೋಬ್ಯಾಸಿಲಸ್ ಸ್ಟಿಯರೊಥರ್ಮೋಫಿಲಸ್ ಎಂಬ, ಶಾಖವನ್ನು ಬಹಳ ತಡೆಯುವ ಬ್ಯಾಕ್ಟೀರಿಯಾದ ಬೀಜಕಗಳಿರುವ ಪರೀಕ್ಷಾ ವಯಲ್ ಒಂದನ್ನು ಒಳಗಿಟ್ಟು, ಆಮೇಲೆ ಅದನ್ನು 55ರಿಂದ 60 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿರಿಸಿ ನೋಡಬೇಕು. ಯಂತ್ರದೊಳಗೆ ಹಾಕದ ಇನ್ನೊಂದು ವಯಲ್ಲನ್ನು ಪಕ್ಕದಲ್ಲಿಟ್ಟು, ಅದರಲ್ಲಿ ಬೆಳವಣಿಗೆ ಕಂಡು ಇದರಲ್ಲಿ ಕಾಣದಿದ್ದರೆ ಮಾತ್ರ ಪರೀಕ್ಷೆ ಗೆದ್ದಂತೆ. ಬಿ ಕ್ಲಾಸ್ ಯಂತ್ರವಿದ್ದರೆ ಗಾಳಿ ಸರಿಯಾಗಿ ಹೊರಹೋಗುತ್ತಿದೆಯೇ ಎಂದು ತಿಳಿಯಲು ದಿನದ ಮೊದಲ ಸೈಕಲ್ಲಿನಲ್ಲಿ ಬೋವಿ–ಡಿಕ್ ಪರೀಕ್ಷೆಯನ್ನೂ ಮಾಡಬೇಕು.

ಒದ್ದೆಯಾದ ಗಾಜ್ ಬಟ್ಟೆಯನ್ನು ಶುದ್ಧವಲ್ಲದ್ದೆಂದೇ ಎಣಿಸಿ, ಏಕೆಂದರೆ ತೇವವಾದ ಬಟ್ಟೆಯ ಮೂಲಕ ಹೊರಗಿನ ರೋಗಾಣುಗಳು ಸಲೀಸಾಗಿ ಒಳಹೋಗುತ್ತವೆ. ಒದ್ದೆಯಾಗುವುದಕ್ಕೆ ಬಹುಪಾಲು ಕಾರಣ ಡ್ರಮ್ಮನ್ನು ಗಿಡಿದು ತುಂಬುವುದು, ಒಣಗಲು ಸಮಯ ಕೊಡದಿರುವುದು, ಅಥವಾ ಬಿಸಿ ಡ್ರಮ್ಮನ್ನು ತಣ್ಣನೆಯ ಕಲ್ಲಿನ ಕಟ್ಟೆಯ ಮೇಲೆ ಇಡುವುದು. ಒಳಗಿಡುವಾಗ ಡ್ರಮ್ಮಿನ ಪಕ್ಕದ ರಂಧ್ರಗಳು ತೆರೆದಿರಬೇಕು, ತೆಗೆದ ಕೂಡಲೇ ಮುಚ್ಚಬೇಕು. ಮುಚ್ಚಿದ ರಂಧ್ರದ ಡ್ರಮ್ಮಿನೊಳಗೆ ಹಬೆ ಹೋಗುವುದೇ ಇಲ್ಲ, ಆದರೂ ಟೇಪ್ ಕಪ್ಪಾಗುತ್ತದೆ. ಗಾಳಿ ತಾನಾಗಿ ಹೊರಹೋಗುವ ಸಾಮಾನ್ಯ ಯಂತ್ರದಲ್ಲಿ ಬಟ್ಟೆ ಸುತ್ತಿದ ವಸ್ತುಗಳಿಗೆ 121 ಡಿಗ್ರಿಯಲ್ಲಿ 30 ನಿಮಿಷ ಬೇಕು, ಸುತ್ತದವಕ್ಕೆ 20. ಶಾಖ 121 ಮುಟ್ಟಿದ ಮೇಲೆ ಗಡಿಯಾರ ನೋಡಿ, ಸ್ವಿಚ್ ಹಾಕಿದಾಗಿನಿಂದಲ್ಲ. ರಕ್ತ ಅಂಟಿ ಒಣಗಿದ ಉಪಕರಣವನ್ನು ಎಷ್ಟು ಹೊತ್ತು ಬೇಯಿಸಿದರೂ ಪ್ರಯೋಜನವಿಲ್ಲವಾದ್ದರಿಂದ ಮೊದಲು ಚೆನ್ನಾಗಿ ತೊಳೆದು, ಕತ್ತರಿಗಳನ್ನು ಬಾಯಿ ತೆರೆದಿಟ್ಟು ಜೋಡಿಸಬೇಕು.

ಪ್ರಶ್ನೆ: ಯಂತ್ರದ ಒಳಗೆ ಬಿಳಿ ಪದರ ಕಟ್ಟಿ ಹೀಟರ್ ಸುಟ್ಟುಹೋಯಿತು. ಬೋರ್‌ವೆಲ್ ನೀರು ಬಿಟ್ಟು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರನ್ನು ಹಾಕಬಹುದೇ?
– ಓದುಗರು, ಸಿರುಗುಪ್ಪ

ಉತ್ತರ: ಬೋರ್‌ವೆಲ್ಲಿನ ಸವುಳು ನೀರಿಗಿಂತ ಅದು ಎಷ್ಟೋ ಮೇಲು, ಆದರೆ ಸಾಲದು. ಕುಡಿಯಲು ಯೋಗ್ಯವಾದ ಆರ್‌ಒ ನೀರಿನಲ್ಲಿಯೂ ಲವಣಗಳು ಉಳಿದಿರುತ್ತವೆ, ನೀರು ಹಬೆಯಾದಂತೆಲ್ಲ ಅವು ಒಳಗೇ ಸೇರುತ್ತ ಹೋಗುತ್ತವೆ. ಹೀಟರಿನ ಮೇಲೆ ಕಟ್ಟಿದ ಸುಣ್ಣದ ಪದರ ಶಾಖವನ್ನು ನೀರಿಗೆ ಬಿಡದೆ ತಡೆಯುವುದರಿಂದ ಹೀಟರ್ ತನ್ನ ಶಾಖಕ್ಕೆ ತಾನೇ ಸುಡುತ್ತದೆ. ಭಟ್ಟಿ ಇಳಿಸಿದ ಅಥವಾ ಲವಣ ತೆಗೆದ ನೀರನ್ನೇ ಬಳಸಿ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ಅದು 10 ಪಿಪಿಎಂನೊಳಗೆ ತೋರಿಸಬೇಕು. ಬ್ಲೀಚಿಂಗ್ ದ್ರಾವಣದಲ್ಲಿ ನೆನೆಸಿದ ಉಪಕರಣಗಳನ್ನು ತೊಳೆಯದೆ ಒಳಗಿಟ್ಟರೆ ಕ್ಲೋರಿನ್ ಅಂಶವು ಸ್ಟೇನ್‌ಲೆಸ್ ಸ್ಟೀಲನ್ನು ಕೂಡ ತೂತು ಬೀಳಿಸುತ್ತದೆ. ಕಟ್ಟಿರುವ ಪದರವನ್ನು ಚಾಕುವಿನಿಂದ ಕೆರೆಯದೆ, ಕೈಪಿಡಿಯಲ್ಲಿ ಸೂಚಿಸಿದ ದ್ರಾವಣದಿಂದಲೇ ತೆಗೆಯಿರಿ. ಗ್ಯಾಸ್ಕೆಟನ್ನು ದಿನವೂ ಒದ್ದೆ ಬಟ್ಟೆಯಿಂದ ಒರೆಸಿ, ಬಿರುಕು ಕಂಡ ದಿನವೇ ಬದಲಿಸಿ. ಸೇಫ್ಟಿ ವಾಲ್ವಿಗೆ ತಂತಿ ಕಟ್ಟುವುದು, ಸೋರುವ ಬಾಗಿಲನ್ನು ಇನ್ನಷ್ಟು ಬಿಗಿದು ಕೆಲಸ ಸಾಗಿಸುವುದು ಪ್ರಾಣಕ್ಕೇ ಅಪಾಯ.

ಪ್ರಶ್ನೆ: ನಮ್ಮ ಲ್ಯಾಬಿನ ಕಲ್ಚರ್ ಪ್ಲೇಟುಗಳನ್ನು (ರೋಗಾಣು ಬೆಳೆಸಿ ನೋಡುವ ತಟ್ಟೆಗಳನ್ನು) ಉಪಕರಣಗಳ ಆಟೋಕ್ಲೇವಿನಲ್ಲಿಯೇ ಶುದ್ಧಗೊಳಿಸಿ ಎಸೆಯಬಹುದೇ?
– ಓದುಗರು, ಲಿಂಗಸುಗೂರು

ಉತ್ತರ: ಬೇಡ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ತ್ಯಾಜ್ಯದ ಆಟೋಕ್ಲೇವ್ ಆ ಕೆಲಸಕ್ಕಷ್ಟೇ ಮೀಸಲಾಗಿರಬೇಕು, ಮತ್ತು ಗಾಳಿ ತಾನಾಗಿ ಹೊರಹೋಗುವ ಯಂತ್ರದಲ್ಲಿ 121 ಡಿಗ್ರಿ, 15 ಪೌಂಡ್ ಒತ್ತಡದಲ್ಲಿ 60 ನಿಮಿಷ ನಡೆಸಬೇಕು. ನಿಮ್ಮಲ್ಲಿ ಹಳೆಯ ವರ್ಟಿಕಲ್ (ನೆಟ್ಟಗೆ ನಿಲ್ಲುವ) ಯಂತ್ರವಿದ್ದು, ಅದು ಒತ್ತಡ ಹಿಡಿಯುವಂತಿದ್ದರೆ ಅದನ್ನೇ ಇದಕ್ಕೆ ಬಿಡಬಹುದು. ಪ್ಲೇಟುಗಳನ್ನು ಶಾಖ ತಾಳುವ ಚೀಲದಲ್ಲಿ ಹಾಕಿ, ಹಬೆ ಒಳಹೋಗುವಂತೆ ಬಾಯನ್ನು ಸಡಿಲವಾಗಿ ಕಟ್ಟಿ. ಶುದ್ಧಗೊಂಡ ಮೇಲೆಯೂ ಅವನ್ನು ಊರ ತಿಪ್ಪೆಗೆ ಹಾಕದೆ, ಹಲವು ಆಸ್ಪತ್ರೆಗಳ ತ್ಯಾಜ್ಯವನ್ನು ಒಟ್ಟಿಗೆ ಸಂಸ್ಕರಿಸುವ ಘಟಕದಿಂದ ಬರುವ ವಾಹನಕ್ಕೆ ಹಳದಿ ಚೀಲದಲ್ಲಿಯೇ ಒಪ್ಪಿಸಬೇಕು.