ಪ್ರತಿಕ್ರಿಯೆ: ಬ್ರೇಕ್ ಒತ್ತಿದರೆ ಬೋಟ್ ಟ್ರೇಲರ್‌ನ ಟೇಲ್ ಲೈಟ್ ಆರುತ್ತದೆ

ಎಡಗಡೆ ಇಂಡಿಕೇಟರ್ ಹಾಕಿದರೆ ಎರಡೂ ಕಡೆ ಮಂಕಾಗಿ ಮಿನುಗುತ್ತದೆ, ಬ್ರೇಕ್ ಒತ್ತಿದರೆ ಟೇಲ್ ಲೈಟೇ ಆರುತ್ತದೆ ಅಂದಿದ್ದೀರಿ. ಇದು ಹೆಚ್ಚಾಗಿ ಅರ್ಥ್ (ಕರೆಂಟ್ ವಾಪಸ್ ಹೋಗುವ ದಾರಿ) ತೊಂದರೆ. ಸುಮ್ನೆ ಬಲ್ಬ್ ಬದಲಾಯಿಸಬೇಡಿ. ಕರೆಂಟ್‌ಗೆ ವಾಪಸ್ ಹೋಗಲು ಸರಿಯಾದ ದಾರಿ ಸಿಗದೆ ಪಕ್ಕದ ಬಲ್ಬಿನ ಮೂಲಕ ನುಗ್ಗುತ್ತಿರುತ್ತದೆ.

ಮೊದಲು ಕಾರಿನ ಕಡೆಯ ಕನೆಕ್ಟರ್ ನೋಡಿ. ಅಮೆರಿಕದ 4 ಪಿನ್ನಿನದು ಅಂದಿದ್ದೀರಲ್ಲ, ಅದರಲ್ಲಿ ಬಿಳಿ ಅರ್ಥ್, ಕಂದು ಟೇಲ್, ಹಳದಿ ಎಡಗಡೆಯ ಇಂಡಿಕೇಟರ್ ಮತ್ತು ಬ್ರೇಕ್, ಹಸಿರು ಬಲಗಡೆಯದು. ಟೆಸ್ಟ್ ಲ್ಯಾಂಪಿನ (ಕರೆಂಟ್ ಬರುತ್ತಿದೆಯಾ ಎಂದು ತೋರಿಸುವ ಪುಟ್ಟ ದೀಪ) ಕ್ಲಿಪ್ ಬಿಳಿಗೆ ಸಿಕ್ಕಿಸಿ, ಕಾರಿನ ಲೈಟ್, ಇಂಡಿಕೇಟರ್ ಹಾಕಿ, ಅದರ ಮೊನೆಯಿಂದ ಉಳಿದ ಮೂರನ್ನೂ ಮುಟ್ಟಿ. ಇಲ್ಲಿ ಸರಿಯಾಗಿ ಉರಿದರೆ ಕಾರಿನದೇನೂ ತಪ್ಪಿಲ್ಲ.

ಆಮೇಲೆ ಟ್ರೇಲರ್ ಜೋಡಿಸಿ, ಕಾರಿನ ಬ್ಯಾಟರಿ ನೆಗೆಟಿವ್‌ನಿಂದ ಉದ್ದನೆಯ ವೈರ್ ಎಳೆದು ಹಿಂದಿನ ಲೈಟ್‌ನ ಬೋಲ್ಟ್‌ಗೆ ತಾಗಿಸಿ. ತಕ್ಷಣ ಲೈಟ್ ಜೋರಾಯಿತಾ? ಹಾಗಾದರೆ ಅರ್ಥೇ. ಆಗದಿದ್ದರೆ ಬಲ್ಬ್ ಹೋಲ್ಡರ್ ತುಕ್ಕು ಹಿಡಿದಿರಬಹುದು, ಅದನ್ನು ನೋಡದೆ ಖಚಿತವಾಗಿ ಹೇಳಲಾರೆ.

ಬಿಳಿ ವೈರ್ ಟ್ರೇಲರ್‌ನ ಮುಂಭಾಗದಲ್ಲಿ ಒಂದು ಬೋಲ್ಟ್‌ಗೆ ಸೇರಿರುತ್ತದೆ. ಮೇಲಿಂದ ನೋಡಿ ಬಿಡಬೇಡಿ, ಬಿಚ್ಚಿಯೇ ನೋಡಿ. ನನ್ನದು ಹೊರಗೆ ಚೆನ್ನಾಗೇ ಕಾಣುತ್ತಿತ್ತು. ಬಿಚ್ಚಿದರೆ ತಾಮ್ರ ಹಸಿರು ಪುಡಿಯಾಗಿ ಬೆರಳಿಗೆ ಅಂಟಿತು. ಕೆಟ್ಟ ವೈರ್ ಕತ್ತರಿಸಿ ಹೊಸ ರಿಂಗ್ ಟರ್ಮಿನಲ್ ಹಾಕಿ. ಬಣ್ಣ, ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ಎಮರಿ ಪೇಪರ್ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಟ್ರೇಲರ್ ಉಪ್ಪುನೀರಿಗೆ ಇಳಿಯುವುದಾದರೆ ಅರ್ಥ್‌ಗೆ ಟ್ರೇಲರ್‌ನ ಫ್ರೇಮ್ ನಂಬಬೇಡಿ, ಎರಡೂ ಲೈಟ್‌ಗೆ ಬೇರೆ ಬೇರೆ ಬಿಳಿ ವೈರ್ ಎಳೆಯಿರಿ.

ಇನ್ನು ಮುಂದೆ ನೀರಿಗೆ ಇಳಿಸುವ ಮೊದಲು ಕನೆಕ್ಟರ್ ಕಿತ್ತಿಡಿ. ಬಿಸಿ ಬಲ್ಬ್‌ಗೆ ತಣ್ಣೀರು ತಾಗಿದರೆ ಒಡೆಯಬಹುದು.