ತಿಂಡಿ ತಿಂದು ಎರಡು ಗಂಟೆಗೆ ಕೈ ನಡುಗುತ್ತೆ, ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ಎರಡು ವರ್ಷದ ಹಿಂದೆ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ಆಯಿತು. 106 ಕೆ.ಜಿ. ಇದ್ದವಳು ಈಗ 72 ಆಗಿದ್ದೇನೆ. ಶುಗರ್ ಕಾಯಿಲೆ ಇಲ್ಲ. ಮೂರು ತಿಂಗಳಿಂದ ಬೆಳಗ್ಗೆ ಎಂಟೂವರೆಗೆ ಬೆಲ್ಲ ಹಾಕಿದ ರಾಗಿ ಗಂಜಿ ಕುಡಿದು, ಬಾಳೆಹಣ್ಣು ತಿಂದರೆ ಹತ್ತೂವರೆಗೆ ಕೈ ನಡುಗಿ, ಮೈಯೆಲ್ಲ ಬೆವರಿ, ಕಣ್ಣು ಮಂಜಾಗುತ್ತೆ. ಅತ್ತೆಯವರ ಗ್ಲುಕೋಮೀಟರ್‌ನಲ್ಲಿ ನೋಡಿದರೆ 49. ಒಂದು ಲೋಟ ಸಕ್ಕರೆ ನೀರು ಕುಡಿದರೆ ಸರಿಹೋಗುತ್ತೆ, ಮಧ್ಯಾಹ್ನದೊಳಗೆ ಮತ್ತೆ ಅದೇ ಪಾಡು. ಮನೆಯಲ್ಲಿ ಎಲ್ಲರೂ "ಸರಿಯಾಗಿ ತಿನ್ನಲ್ಲ, ಅದಕ್ಕೇ ಸುಸ್ತು" ಅಂತಾರೆ.
– ಓದುಗರು, ದಾವಣಗೆರೆ

ಉತ್ತರ: ಇದು ಬರೀ ಸುಸ್ತಲ್ಲಮ್ಮ. ರಕ್ತದ ಸಕ್ಕರೆ 54ಕ್ಕಿಂತ ಕೆಳಗೆ ಇಳಿದರೆ ನಾವು ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇವೆ. ಮೀಟರ್ ಹಿಡಿದು ನೋಡಿದಿರಲ್ಲ, ತುಂಬಾ ಒಳ್ಳೆಯದಾಯಿತು.

ಬೈಪಾಸ್ ಆದಮೇಲೆ ಊಟ ಜಠರದಲ್ಲಿ ಉಳಿಸಿದ ಪುಟ್ಟ ಚೀಲದಿಂದ ನೇರ ಸಣ್ಣ ಕರುಳಿಗೆ ಇಳಿಯುತ್ತೆ. ಗಂಜಿ, ಬೆಲ್ಲ, ಬಾಳೆಹಣ್ಣು ಮೂರೂ ಬೇಗ ಕರಗುವಂಥವು, ಹಾಗಾಗಿ ರಕ್ತದಲ್ಲಿ ಸಕ್ಕರೆ ಸರ್ರನೆ ಏರುತ್ತೆ, ಕರುಳಿನಿಂದ ಜಿಎಲ್‌ಪಿ-1 ಅನ್ನುವ ಹಾರ್ಮೋನು ಜಾಸ್ತಿ ಬರುತ್ತೆ, ಅದಕ್ಕೆ ಇನ್ಸುಲಿನ್ ಬೇಕಾದ್ದಕ್ಕಿಂತ ಹೆಚ್ಚು ಸುರಿದು, ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ಕುಸಿಯುತ್ತೆ. ಸಾಮಾನ್ಯವಾಗಿ ಆಪರೇಷನ್ ಆಗಿ ವರ್ಷ ಕಳೆದ ಮೇಲೇ ಇದು ಶುರುವಾಗುವುದು. ಉಂಡ ಅರ್ಧ ಗಂಟೆಯಲ್ಲೇ ಹೊಟ್ಟೆ ನುಲಿದು, ಎದೆ ಬಡಿದುಕೊಂಡು, ಭೇದಿ ಆಗುವ ಡಂಪಿಂಗ್ ಅನ್ನುವ ತೊಂದರೆಯೇ ಬೇರೆ, ನಿಮ್ಮದು ಅದಲ್ಲ.

ಸಕ್ಕರೆ ನೀರು ಲೋಟಗಟ್ಟಲೆ ಕುಡಿದರೆ ಗಂಜಿ ಮಾಡಿದ ಕೆಲಸವನ್ನೇ ಅದೂ ಮಾಡುತ್ತೆ: ಏರಿಸಿ ಮತ್ತೆ ಬೀಳಿಸುತ್ತೆ. ನಿಮ್ಮ ಮಧ್ಯಾಹ್ನದ ನಡುಕ ಅಲ್ಲಿಂದಲೇ ಬರುತ್ತಿರಬೇಕು. 70ಕ್ಕಿಂತ ಕೆಳಗಿದ್ದರೆ ಸುಮಾರು 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಮೂರು ಟೀ ಚಮಚ, ಸ್ವಲ್ಪ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮೀಟರ್ ನೋಡಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಒಂದು ಬೇಯಿಸಿದ ಮೊಟ್ಟೆಯೋ ಒಂದು ಹಿಡಿ ಹುರಿದ ಶೇಂಗಾವೋ ತಿನ್ನಿ, ಇದನ್ನು ಮಾತ್ರ ತಪ್ಪಿಸಬೇಡಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅಂತ ಮನೆಯವರಿಗೆ ಈಗಲೇ ಹೇಳಿಡಿ.

ತಿಂಡಿ ಬದಲಾಗಲೇಬೇಕು. ರಾಗಿ ಒಳ್ಳೆಯದು ಅಲ್ವಾ ಅಂತ ಕೇಳುತ್ತೀರಿ. ಒಳ್ಳೆಯದೇ, ಆದರೆ ತೆಳ್ಳಗೆ ಕುದಿಸಿ ಕುಡಿದರೆ ನಿಮ್ಮ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮೊದಲು ಹೆಸರುಕಾಳು ಉಸಲಿ, ಪನೀರ್ ಅಥವಾ ಮೊಟ್ಟೆ ತಿನ್ನಿ, ಆಮೇಲೆ ಒಂದು ಸಣ್ಣ ರಾಗಿ ರೊಟ್ಟಿ. ಒಂದು ಹೊತ್ತಿಗೆ ಪಿಷ್ಟ, ಸಕ್ಕರೆ ಎಲ್ಲಾ ಸೇರಿ 30 ಗ್ರಾಂ ದಾಟದಿರಲಿ. ನೀರು, ಮಜ್ಜಿಗೆ ಅರ್ಧ ಗಂಟೆ ಬಿಟ್ಟು. ಕಾಫಿಗೆ ಸಕ್ಕರೆ ಬೇಡ.

ಇಷ್ಟಕ್ಕೂ ನಿಲ್ಲದಿದ್ದರೆ ಪಿಷ್ಟ, ಸಕ್ಕರೆ ನಿಧಾನವಾಗಿ ಕರಗುವಂತೆ ಮಾಡುವ ಅಕಾರ್ಬೋಸ್ ಮಾತ್ರೆ ಕೊಡುವುದುಂಟು. ಅದನ್ನು ತೆಗೆದುಕೊಳ್ಳುವಾಗ ಸಕ್ಕರೆ ನೀರು ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಒಂದು ಪೊಟ್ಟಣ ಯಾವಾಗಲೂ ಬ್ಯಾಗಲ್ಲಿರಲಿ. ಇದು ಹತೋಟಿಗೆ ಬರುವವರೆಗೂ ಸ್ಕೂಟರ್ ಓಡಿಸಬೇಡಿ, ದಯವಿಟ್ಟು.

ಎರಡು ವಾರ ಏನು ತಿಂದಿರಿ, ಎಷ್ಟು ಗಂಟೆಗೆ, ಮೀಟರ್ ಎಷ್ಟು ತೋರಿಸಿತು ಅಂತ ಪುಸ್ತಕದಲ್ಲಿ ಬರೆದು, ಎಂಡೋಕ್ರೈನಾಲಜಿ (ಹಾರ್ಮೋನು ಕಾಯಿಲೆಗಳ) ಡಾಕ್ಟರಿಗೆ ತೋರಿಸಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲೋ ನಡುರಾತ್ರಿಯಲ್ಲೋ ಇಳಿದರೆ ಎರಡು ವಾರ ಕಾಯಬೇಡಿ. ಅದಕ್ಕೆ ಬೇರೆ ಕಾರಣ ಇರಬಹುದು, ಬೇರೆಯೇ ಪರೀಕ್ಷೆ ಬೇಕಾಗುತ್ತೆ.