ಊದಿದ ಬ್ಯಾಟರಿ, ಬೆಂಗಳೂರಿನ ಸ್ಪರ್ಧೆ

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬ್‌ನ ನಾಲ್ಕು ಮಕ್ಕಳು ಮುಂದಿನ ತಿಂಗಳು ಬೆಂಗಳೂರಿಗೆ ರೋಬೋ ಸಾಕರ್ ಸ್ಪರ್ಧೆಗೆ ಹೊರಟಿದ್ದಾರೆ. ರೋಬೋದ ಬ್ಯಾಟರಿ ಇಡ್ಲಿ ಥರ ಊದಿದೆ. "ಎಲ್ಲರದ್ದೂ ಹೀಗೇ ಇರುತ್ತೆ ಅಮ್ಮ" ಅನ್ನುತ್ತಾಳೆ. ರಾತ್ರಿ ಮಂಚದ ಪಕ್ಕ ಚಾರ್ಜಿಗೆ ಹಾಕಿ ಮಲಗುತ್ತಾಳೆ. ಕಳಿಸಬಹುದಾ?
— ಒಬ್ಬ ತಾಯಿ, ತಿಪಟೂರು

ಉತ್ತರ: ಮಗಳನ್ನು ಕಳಿಸಿ ತಾಯಿ. ಆ ಬ್ಯಾಟರಿಯನ್ನು ಮಾತ್ರ ಬೇಡ.

ರೋಬೋಗಳಲ್ಲಿ ಹಾಕುವ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಊದಿದೆ ಅಂದರೆ ಒಳಗೆ ಗ್ಯಾಸ್ ತುಂಬಿದೆ ಅಂತ. ಅದು ಮತ್ತೆ ಇಳಿಯಲ್ಲ. ಒತ್ತುವುದು, ಸೂಜಿ ಚುಚ್ಚುವುದು ಬೇಡವೇ ಬೇಡ.

ನಾನು ಪಾಲಿಟೆಕ್ನಿಕ್ ಲ್ಯಾಬ್‌ನಲ್ಲಿ 26 ವರ್ಷ ಇದ್ದವನು. ಒಂದು ಫೆಸ್ಟಿನ ಹಿಂದಿನ ಸಂಜೆ ಹೀಗೇ ಸ್ವಲ್ಪ ಊದಿದ್ದ ಬ್ಯಾಟರಿಯನ್ನು, ನಾಳೆ ಒಂದು ದಿನ ನಡೆದರೆ ಸಾಕು ಅಂತ ಚಾರ್ಜಿಗೆ ಹಾಕಿ ಟೀ ಕುಡಿಯಲು ಹೋದೆ. ಅರ್ಧ ಲೋಟ ಮುಗಿದಿರಲಿಲ್ಲ, ಹುಡುಗರು ಕೂಗಿದರು. ಬಾಗಿಲಲ್ಲೇ ನೈಲ್ ಪಾಲಿಶ್ ಥರ ಸಿಹಿ ವಾಸನೆ. ಬಿಳಿ ಹೊಗೆ, ಬುಸ್ ಅಂತ ಸದ್ದು, ಆಮೇಲೆ ಬೆಂಕಿ. ಬಾಗಿಲ ಹತ್ತಿರದ ಮರಳಿನ ಬಕೆಟ್ ಸುರಿದೆವು. ಯಾರಿಗೂ ಏನೂ ಆಗಲಿಲ್ಲ. ಟೇಬಲ್ ಮೇಲೆ ತಟ್ಟೆಯಷ್ಟು ಅಗಲ ಕರಕಲು. ತಪ್ಪು ನನ್ನದೇ. ನಾಲ್ಕು ವರ್ಷ ಅದರ ಮೇಲೆ ರಟ್ಟು ಮುಚ್ಚಿಕೊಂಡು ಪಾಠ ಮಾಡಿದೆ ಅನ್ನಿ!

ಊದುವುದು ಯಾಕೆ? ಮಕ್ಕಳ ಕೈಯಲ್ಲಿ ಜಾಸ್ತಿ ಆಗುವುದು ಒಂದೇ: ಆಟ ಮುಗಿಸಿ ಬ್ಯಾಟರಿ ಬಿಚ್ಚದೆ ರೋಬೋ ಹಾಗೇ ಬಿಡುವುದು. ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ. ಒಂದು ಸೆಲ್ ತುಂಬಿದಾಗ 4.2 ವೋಲ್ಟ್, 3ಕ್ಕಿಂತ ಕೆಳಗೆ ಇಳಿದರೆ ಅದು ಕೆಟ್ಟ ಹಾಗೆ. ಮೂರು ಸೆಲ್ಲಿನ ಬ್ಯಾಟರಿ, ಅಂದರೆ ಮೇಲೆ 11.1 ವೋಲ್ಟ್ ಅಂತ ಬರೆದಿರುವುದು, ತುಂಬಿದಾಗ 12.6 ತೋರಿಸಬೇಕು. ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ 2200 ಎಂಎಎಚ್ ಅಂತಿದ್ದರೆ ಚಾರ್ಜರ್‌ನಲ್ಲಿ 2.2 ಆಂಪಿಯರ್ ದಾಟಿಸಬಾರದು. ಚಾರ್ಜರ್ ಲೈಪೋ ಮೋಡ್‌ನಲ್ಲೇ ಇರಬೇಕು. ಎಲ್ಲ ಸೆಲ್ಲೂ ಸಮನಾಗಿ ತುಂಬುವಂತೆ ನೋಡಿಕೊಳ್ಳುವ ಆ ಪುಟ್ಟ ಬಿಳಿ ಬ್ಯಾಲೆನ್ಸ್ ಪ್ಲಗ್ ಸಿಕ್ಕಿಸಿರಬೇಕು. ಇದನ್ನು ಮರೆಯುವವರೇ ಜಾಸ್ತಿ.

ಮಂಚದ ಪಕ್ಕ ಇನ್ನು ಮೇಲೆ ಬೇಡ. ಹೊಸ ಬ್ಯಾಟರಿಯನ್ನೂ ಟೈಲ್ಸ್ ನೆಲದ ಮೇಲೆ, ಹಳೆಯ ಮಣ್ಣಿನ ಕುಂಡದಲ್ಲಿಟ್ಟು, ಯಾರಾದರೂ ಎಚ್ಚರವಿರುವಾಗಲೇ ಚಾರ್ಜ್ ಮಾಡಲಿ. ಬಸ್ಸಿನಲ್ಲಿ ಒಯ್ಯುವಾಗ ಪೂರ್ತಿ ತುಂಬುವುದು ಬೇಡ, ಸೆಲ್ಲಿಗೆ 3.8 ವೋಲ್ಟ್ ಸಾಕು. ಕನೆಕ್ಟರಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಬ್ಯಾಗಿನಲ್ಲಿ ಕೀಲಿಯೋ ಸ್ಕ್ರೂಡ್ರೈವರೋ ತಾಗಿದರೆ ಅಲ್ಲೇ ಶಾರ್ಟ್.

ಇನ್ನು ಸ್ಪರ್ಧೆಯ ದಿನ. ಆಡುವ ಅಂಕಣದಲ್ಲಿ ನನಗೆ ಭಯ ಕಡಿಮೆ. ರಿಪೇರಿ ಮಾಡುವ ಟೇಬಲ್ಲೇ ಅಪಾಯ. "ಇನ್ನು ಐದು ನಿಮಿಷ" ಅಂತ ಮೈಕಿನಲ್ಲಿ ಕೂಗಿದ ತಕ್ಷಣ ನಾಲ್ಕು ಜನ ಒಟ್ಟಿಗೆ ಕೈ ಹಾಕುತ್ತಾರೆ. ಆಗ ಯಾರೋ ರಿಮೋಟ್ ಮುಟ್ಟುತ್ತಾರೆ, ಗೇರಿನಲ್ಲಿ ಇನ್ನೊಬ್ಬರ ಬೆರಳು. ಹಾಗಾಗಿ ಬ್ಯಾಟರಿ ಸಿಕ್ಕಿಸಿ ತೆಗೆಯುವ ಕೆಲಸ ಒಬ್ಬರದ್ದೇ ಆಗಲಿ. ಟೇಬಲ್ ಮೇಲೆ ರೋಬೋ ಹೊಟ್ಟೆ ಕೆಳಗೆ ಒಂದು ಮರದ ತುಂಡು ಇಡಿ, ಚಕ್ರ ಗಾಳಿಯಲ್ಲಿ ತಿರುಗಲಿ. ಆನ್ ಮಾಡುವಾಗ ರಿಮೋಟ್ ಮೊದಲು, ರೋಬೋ ಆಮೇಲೆ. ಆಫ್ ಮಾಡುವಾಗ ಉಲ್ಟಾ.

ಕೂದಲು ಕಟ್ಟಿರಲಿ, ದುಪಟ್ಟಾ ಬ್ಯಾಗಿನಲ್ಲಿರಲಿ, ಚಪ್ಪಲಿ ಬದಲು ಶೂ. ವೈರ್ ಕತ್ತರಿಸುವಾಗ ತುಂಡು ಸೀದಾ ಕಣ್ಣಿಗೇ ಹಾರುತ್ತದೆ. 100–150 ರೂಪಾಯಿಯ ಸೇಫ್ಟಿ ಕನ್ನಡಕ ಕೊಡಿಸಿ. ಓದುವ ಕನ್ನಡಕಕ್ಕೆ ಪಕ್ಕದಲ್ಲಿ ಗೋಡೆ ಇರುವುದಿಲ್ಲ, ಅಲ್ವಾ?

ಆ ಊದಿದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. ಮರಳು ತುಂಬಿದ ಡಬ್ಬದಲ್ಲಿಟ್ಟು ಮನೆಯ ಹೊರಗೆ ನೆರಳಿನಲ್ಲಿಡಿ, ಮುಚ್ಚಳ ಬಿಗಿ ಮಾಡಬೇಡಿ. ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡುವಾಗ ಇದು ಊದಿದ ಲೈಪೋ ಅಂತ ಬಾಯಿಬಿಟ್ಟು ಹೇಳಿ.